ನಿರ್ವಾತದ ಏರಿಳಿತ: ಒಪ್ಪದವರಿಗೆ ಉತ್ತರ

ಲೋಹದ ಗೋಡೆಗಳ ನಡುವೆ ನಿರ್ವಾತದ ಕ್ವಾಂಟಮ್ ಏರಿಳಿತ (ಖಾಲಿ ಜಾಗದಲ್ಲೂ ವಿದ್ಯುತ್ಕಾಂತ ಕ್ಷೇತ್ರ ನಿಲ್ಲದೆ ತುಯ್ಯುವುದು) ಬದಲಾಗುತ್ತದೆ, ಅದರ ಪರಿಣಾಮವನ್ನು ಅಳೆದೂ ಆಗಿದೆ ಎಂದರೆ ಒಪ್ಪದವರು ಈಗಲೂ ಇದ್ದಾರೆ.

ಪ್ರಯೋಗಗಳಲ್ಲಿ ಕಂಡದ್ದು ಲೋಹದ ಮೇಲೆ ಉಳಿದ ವಿದ್ಯುದಾವೇಶದ ಸೆಳೆತ ಎನ್ನುತ್ತಾರೆ ಕೆಲವರು. ಈ ಏರಿಳಿತದಿಂದ ಲೋಹದ ಫಲಕಗಳು ಪರಸ್ಪರ ಸೆಳೆಯುತ್ತವೆಂದು ಕ್ಯಾಸಿಮಿರ್ 1948ರಲ್ಲಿ ಊಹಿಸಿದ ಬಲವನ್ನು 1958ರಲ್ಲಿ ಸ್ಪಾರ್ನಾಯ್ ಅಳೆದಾಗ ಈ ಅನುಮಾನಕ್ಕೆ ಎಡೆಯಿತ್ತು. ಅಳತೆಯ ದೋಷವೇ ಬಲದಷ್ಟು ದೊಡ್ಡದಿತ್ತು. 1997ರಲ್ಲಿ ಲಾಮೊರೊ, ಮರುವರ್ಷ ಮೊಹಿದೀನ್ ಮತ್ತು ರಾಯ್ ವಿದ್ಯುತ್ ಸೆಳೆತವನ್ನು ಬೇರೆಯಾಗಿ ಅಳೆದು, ಕಳೆದು, ಉಳಿದದ್ದನ್ನು ಲೆಕ್ಕದೊಡನೆ ತಾಳೆ ನೋಡಿದರು. ತಾಳೆಯಾಯಿತು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಲೋಹದೊಳಗಿನ ಆವೇಶಗಳ ಪರಸ್ಪರ ಸೆಳೆತವೆಂದೇ ಕ್ಯಾಸಿಮಿರ್ ಬಲವನ್ನು ಲೆಕ್ಕ ಹಾಕಬಹುದೆಂದು 2005ರಲ್ಲಿ ಜಾಫೆ ಬರೆದರು. ಒಪ್ಪುತ್ತೇನೆ, ಆ ಬಲವೊಂದನ್ನೇ ಸಾಕ್ಷಿ ಮಾಡಿಕೊಂಡವರು ಅವಸರಪಟ್ಟರು. ಹಾಗಾದರೆ ಒಪ್ಪದವರು ಬಲವನ್ನು ಬದಿಗಿಟ್ಟು 1985ರ ಎಂಐಟಿ ಪ್ರಯೋಗವನ್ನು ನೋಡಲಿ. ಹ್ಯೂಲೆಟ್, ಹಿಲ್ಫರ್ ಮತ್ತು ಕ್ಲೆಪ್ನರ್ ಉದ್ರಿಕ್ತ (ಹೆಚ್ಚುವರಿ ಶಕ್ತಿ ಪಡೆದ) ಸೀಸಿಯಂ ಪರಮಾಣುಗಳನ್ನು ಎರಡು ಲೋಹದ ಫಲಕಗಳ ನಡುವೆ ಹಾಯಿಸಿದರು. ಅವು ಸೂಸಬೇಕಿದ್ದ ವಿಕಿರಣದ ತರಂಗಾಂತರ ಸುಮಾರು 0.45 ಮಿಲಿಮೀಟರ್. ಫಲಕಗಳ ಅಂತರ ಅದರ ಅರ್ಧಕ್ಕಿಂತ ಕಡಿಮೆಯಾದರೆ ಆ ತರಂಗಕ್ಕೆ ಅಲ್ಲಿ ಜಾಗವೇ ಇಲ್ಲ. ಅಂತರವನ್ನು ಹಾಗೆಯೇ ಇಟ್ಟು, ವಿದ್ಯುತ್‌ಕ್ಷೇತ್ರದಿಂದ ತರಂಗಾಂತರವನ್ನು ಕೊಂಚ ಹಿಗ್ಗಿಸಿದರು. ಗಡಿ ದಾಟುತ್ತಲೇ ಸೂಸುವಿಕೆ ಥಟ್ಟನೆ ನಿಂತಿತು. ಉದ್ರಿಕ್ತ ಸ್ಥಿತಿಯ ಆಯುಸ್ಸು ಕನಿಷ್ಠ 20 ಪಟ್ಟಾಯಿತು. ಪರಮಾಣುವನ್ನು ಫಲಕಗಳು ಮುಟ್ಟಿರಲಿಲ್ಲ; ಅವು ತಡೆದದ್ದು ಆ ತರಂಗಾಂತರದ ನಿರ್ವಾತದ ಏರಿಳಿತವನ್ನು. ಈ ಫಲಿತಾಂಶ ನನಗೆ ಇಂದಿಗೂ ಬೆರಗು.

ಅದೂ ಪರಮಾಣು ತನ್ನದೇ ವಿಕಿರಣಕ್ಕೆ ತೋರುವ ಪ್ರತಿಕ್ರಿಯೆಯಷ್ಟೇ ಎಂಬ ಮಾತಿದೆ. ಗಣಿತದಲ್ಲಿ ಪದಗಳ ಕ್ರಮ ಬದಲಿಸಿ ಹಾಗೆ ಬರೆಯಲು ಬರುತ್ತದೆ. ಆದರೆ ಏರಿಳಿತ, ಪ್ರತಿಕ್ರಿಯೆ ಎರಡಕ್ಕೂ ಸಮಾನ ಸ್ಥಾನ ಕೊಟ್ಟು ಬಿಡಿಸಿದಾಗ ಏನಾಗುತ್ತದೆಂದು 1982ರಲ್ಲಿ ದಲಿಬಾರ್, ದ್ಯುಪೊಂ-ರೋಕ್ ಮತ್ತು ಕೊಹೆನ್-ತನೂಜಿ ತೋರಿಸಿದರು: ಉದ್ರಿಕ್ತ ಪರಮಾಣುವಿನಲ್ಲಿ ಏರಿಳಿತ ಮತ್ತು ಪ್ರತಿಕ್ರಿಯೆ ಕೂಡುತ್ತವೆ, ಅತಿ ಕಡಿಮೆ ಶಕ್ತಿಯ ತಳಸ್ಥಿತಿಯಲ್ಲಿ ಒಂದನ್ನೊಂದು ಅಳಿಸುತ್ತವೆ. ಏರಿಳಿತವನ್ನು ಕಿತ್ತು ಪ್ರತಿಕ್ರಿಯೆಯನ್ನು ಮಾತ್ರ ಉಳಿಸಿದರೆ ತಳಸ್ಥಿತಿಯ ಪರಮಾಣುವೂ ಶಕ್ತಿ ಕಳೆದುಕೊಳ್ಳುತ್ತ ಹೋಗಬೇಕು. ಅದು ಹೋಗುವುದಿಲ್ಲ, ನಮ್ಮ ಮೈಯ ಪರಮಾಣುಗಳೇ ಅದಕ್ಕೆ ಸಾಕ್ಷಿ.

ಕೊನೆಗೆ, "ನಿರ್ವಾತದಲ್ಲಿ ಶಕ್ತಿಯಿದ್ದರೆ ವಿದ್ಯುತ್ ತೆಗೆದು ತೋರಿಸಿ" ಎನ್ನುವವರು. ಹತ್ತಿರ ಬಂದ ಫಲಕಗಳು ಒಮ್ಮೆ ಕೆಲಸ ಮಾಡಿಕೊಟ್ಟಾವು. ಮತ್ತೆ ದೂರ ಸರಿಸಲು ಕನಿಷ್ಠ ಅಷ್ಟೇ ಶಕ್ತಿಯನ್ನು ನಾವು ತೆರಬೇಕು. 2011ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್‌ನಲ್ಲಿ ನಿರ್ವಾತದಿಂದ ಹೊರಟ ಫೋಟಾನ್‌ಗಳಿಗೂ ಶಕ್ತಿ ಬಂದದ್ದು ಕನ್ನಡಿಯಂತೆ ವರ್ತಿಸಿದ ವಿದ್ಯುತ್ ಮಂಡಲವನ್ನು ಅಲುಗಿಸಿದ ಹೊರಗಿನ ಚಾಲನೆಯಿಂದ. ನಿರ್ವಾತದಿಂದ ಬಿಟ್ಟಿ ವಿದ್ಯುತ್ ಕೊಡುವ ಯಂತ್ರವೆಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.