ಹೆಸರು ಹೇಳಿದವರೆಲ್ಲ ನೆಂಟರೆ?

ಮದುವೆಮನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಾನೆ. ಬಂದವರು ಹೇಳಿದ ಹೆಸರು ಪಟ್ಟಿಯಲ್ಲಿದ್ದರೆ ಒಳಗೆ ಬಿಡುವನು, ಇಲ್ಲದಿದ್ದರೆ ತಡೆಯುವನು. ಆದರೆ ಯಾರ ಮುಖಪರಿಚಯವೂ ಅವನಿಗಿಲ್ಲ. ನೆರೆಮನೆಯಾತ ಪಟ್ಟಿಯಲ್ಲಿರುವ ಹೆಸರೊಂದನ್ನು ಹೇಳಿ ಒಳಹೊಕ್ಕು ಉಂಡು ಹೋದರೆ ಅವನೇನು ಮಾಡಬಲ್ಲ?

ಮನೆಯ ವೈಫೈ ಪೆಟ್ಟಿಗೆಯಲ್ಲಿಯೂ ಇಂಥ ಕಾವಲಿನ ಏರ್ಪಾಡೊಂದುಂಟು. ಅದು ನೋಡುವುದು ‘ಮ್ಯಾಕ್ ವಿಳಾಸ’ವನ್ನು. ಜಾಲವನ್ನು ಸೇರುವ ಫೋನು, ಕಂಪ್ಯೂಟರು, ಟೆಲಿವಿಷನ್ನುಗಳಿಗೆ ತಯಾರಕರು ಕೊಟ್ಟಿರುವ ಗುರುತಿನ ಸಂಖ್ಯೆಯಿದು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ ‘ಎ’ಯಿಂದ ‘ಎಫ್’ವರೆಗಿನ ಅಕ್ಷರಗಳೂ ಬೆರೆತು ಇದರಲ್ಲಿ 12 ಸ್ಥಾನಗಳಿರುತ್ತವೆ. ಸಾಮಾನ್ಯವಾಗಿ ಮೊದಲ ಆರು ಸ್ಥಾನಗಳು ತಯಾರಕರ ಗುರುತು. ಅದನ್ನು ಹಂಚುವುದು ಐಇಇಇ ಎಂಬ ಸಂಸ್ಥೆ. ಉಳಿದ ಆರು ಆಯಾ ಯಂತ್ರದ್ದು. ಹೀಗೆ ಸುಮಾರು 281 ಲಕ್ಷ ಕೋಟಿ ಸಂಖ್ಯೆಗಳು ಸಾಧ್ಯ. ಒಂದರ ಗುರುತು ಇನ್ನೊಂದಕ್ಕಿರದೆಂಬ ನಂಬಿಕೆಯಿಂದಲೇ ಪಟ್ಟಿಯ ಕಾವಲು ಬಳಕೆಗೆ ಬಂದಿತು.

ಆದರೆ ಆ ಸಂಖ್ಯೆಯನ್ನು ಹೇಳುವುದು ಯಂತ್ರವೇ. ಒಡೆಯನು ಬಯಸಿದರೆ ಅದು ಬೇರೊಂದನ್ನೂ ಹೇಳೀತು. 2010ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ನಡೆದುದು ಇದೇ. ಆರನ್ ಸ್ವಾರ್ಟ್ಸ್ ಎಂಬ ತರುಣರು ಜೇಸ್ಟೋರ್ ಭಂಡಾರದಿಂದ ವಿದ್ವತ್ ಲೇಖನಗಳನ್ನು ರಾಶಿರಾಶಿಯಾಗಿ ಇಳಿಸಿಕೊಳ್ಳತೊಡಗಿದರು. ಸಂಸ್ಥೆಯವರು ಅವರ ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನು ತಡೆಹಿಡಿದರು. ದೋಷಾರೋಪ ಪಟ್ಟಿಯ ಪ್ರಕಾರ, ಅವರು ಕೊನೆಯ ಒಂದು ಅಕ್ಷರವನ್ನು ‘ಬಿ’ಯಿಂದ ‘ಸಿ’ಗೆ ಬದಲಿಸಿ ಮತ್ತೆ ಒಳಹೊಕ್ಕರು. ಕೊನೆಗೆ ಅವರನ್ನು ತೋರಿಸಿಕೊಟ್ಟದ್ದು ಸಂಖ್ಯೆಯಲ್ಲ. ವೈರುಗಳ ಕೋಣೆಯಲ್ಲಿರಿಸಿದ ಕ್ಯಾಮೆರಾ. 2011ರ ಜನವರಿ 6ರಂದು ಬಂಧನವಾಯಿತು. ಮೊಕದ್ದಮೆ ಮುಗಿಯುವ ಮುನ್ನವೇ, 2013ರ ಜನವರಿ 11ರಂದು, 26ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬಳಿಕ ಆರೋಪಗಳನ್ನು ಹಿಂತೆಗೆದುಕೊಳ್ಳಲಾಯಿತು. ಅವರು ಮಾಡಿದುದು ಸರಿಯೆ, ಸರಕಾರ ತೋರಿದ ಬಿಗಿ ಸರಿಯೆ ಎಂಬ ಚರ್ಚೆ ಬೇರೆ. ಒಂದಕ್ಷರದಿಂದ ಮೋಸಹೋಗುವ ಕಾವಲು ಕಾವಲಲ್ಲವೆಂಬುದಂತೂ ನಿಶ್ಚಯ.

ಇನ್ನೊಂದು ತೊಡಕೂ ಇದೆ. ವೈಫೈಯಲ್ಲಿ ಸಂದೇಶವು ಗೂಢಲಿಪಿಯಲ್ಲಿ ಹೋದರೂ ಮ್ಯಾಕ್ ವಿಳಾಸ ಬಯಲಲ್ಲೇ ಹೋಗುತ್ತದೆ. ಬಲ್ಲವರು ಅದನ್ನು ಕೇಳಿ ತಮ್ಮದಾಗಿಸಿಕೊಳ್ಳಬಹುದು. ಇತ್ತ, ಮಾರದ ಸಂಖ್ಯೆಯ ಜಾಡು ಹಿಡಿದು ಅಂಗಡಿ ಬೀದಿಗಳಲ್ಲಿ ಜನರನ್ನು ಹಿಂಬಾಲಿಸಬಾರದೆಂದು, 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರಿಂದೀಚೆಗೆ ಫೋನುಗಳು ಒಂದೊಂದು ಜಾಲಕ್ಕೆ ಒಂದೊಂದು ಕೃತಕ ವಿಳಾಸ ಹೇಳತೊಡಗಿವೆ. ತಂದೆ ಫೋನಿನ ಮೂಲಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಮಗಳ ಫೋನೇ ಹೊಸಿಲಾಚೆ ನಿಲ್ಲುವುದುಂಟು. ಕಳ್ಳ ಒಳಗೆ, ಮನೆಮಗಳು ಹೊರಗೆ!

ಹಾಗಾದರೆ ಮಾಡುವುದೇನು? ಮನೆಗೆ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ರಕ್ಷಣೆಯೂ ಸುಲಭವಾಗಿ ಊಹಿಸಲಾಗದ ಉದ್ದನೆಯ ಗುಪ್ತಪದವೂ ಇರಲಿ. ಕಚೇರಿಗಳಲ್ಲಿ ಪ್ರತಿಯೊಬ್ಬನೂ ತನ್ನ ಗುರುತನ್ನು ರುಜುವಾತುಪಡಿಸಬೇಕಾದ 802.1ಎಕ್ಸ್ ಪದ್ಧತಿಯುಂಟು. ಅದನ್ನರಿಯದ ಹಳೆಯ ಮುದ್ರಣಯಂತ್ರದಂಥವಕ್ಕೆ ಮಾತ್ರ ಮ್ಯಾಕ್ ಪಟ್ಟಿ ಸಾಕು; ಆಗಲೂ ಅವುಗಳ ಓಡಾಟ ನಡುಮನೆಗಲ್ಲ, ಜಗಲಿಗಷ್ಟೇ ಮೀಸಲಿರಬೇಕು.

ಪಟ್ಟಿಯು ಬಂದವರ ಲೆಕ್ಕವಿಡುವ ಪುಸ್ತಕ. ಬಾಗಿಲಿಗೆ ಬೇಕಾದುದು ಬೀಗ.