ಬೊರಿವಲಿಯ ಸಮುರಾಯಿಗಳು

ದಸರಾ ರಜೆಗೆ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಅವನ ಕರಿ ಟೀಶರ್ಟಿನ ಮೇಲೊಂದು ಚಿತ್ರ. ಬೆಟ್ಟದಂಥ ಅಲೆ, ಅದರ ಮೇಲೆ ಓಲಾಡುವ ಹಡಗು, ಹಿಂದೆ ಆಕಾಶದ ತುಂಬ ನೆರಳಿನಂಥ ಸೈನಿಕರು.

"ಇದೇನೋ, ಪ್ರೇತಗಳ ಜಾತ್ರೆ?" ಅಂದೆ.

"ಪ್ರೇತಗಳೇ ಮಾವ. ಸಮುರಾಯಿ ಪ್ರಿಂಟ್. ಕುನಿಯೋಶಿ ಅಂತ, ದೊಡ್ಡ ಆರ್ಟಿಸ್ಟು."

ಸರಿ, ಹುಡುಗರ ಮುಂದೆ ಪೆದ್ದನಾಗಬಾರದಲ್ಲ, ಎರಡು ರಾತ್ರಿ ಕೂತು ಓದಿದೆ. ಉತಗಾವಾ ಕುನಿಯೋಶಿ (1797–1861) ಎದೋ ನಗರದ, ಅಂದರೆ ಇಂದಿನ ಟೋಕಿಯೋದ, ಕಲಾವಿದ. ಬಟ್ಟೆಗೆ ಬಣ್ಣ ಹಾಕುವವನ ಮಗ. 1827ರ ಸುಮಾರಿಗೆ ಚೀನಾದ ಹಳೆಯ ಕಥೆಯೊಂದರ 108 ವೀರರ ಚಿತ್ರಮಾಲೆ ಶುರುಮಾಡಿ ರಾತ್ರೋರಾತ್ರಿ ಹೆಸರಾದ. ಟೀಶರ್ಟಿನ ಮೇಲಿದ್ದ ಚಿತ್ರ 1850ರ ಆಸುಪಾಸಿನದು. 1185ರಲ್ಲಿ ದಾನ್‌-ನೊ-ಉರಾ ಎಂಬಲ್ಲಿ ನಡೆದ ಕಡಲಯುದ್ಧದಲ್ಲಿ ತೈರಾ ಮನೆತನ ಸೋತು ನೀರುಪಾಲಾಯಿತು. ಪುಟ್ಟ ಬಾಲಕ ಚಕ್ರವರ್ತಿಯೂ ಮುಳುಗಿದ. ಗೆದ್ದ ಯೋಶಿತ್ಸುನೆ ಆಮೇಲೊಮ್ಮೆ ಹಡಗಿನಲ್ಲಿ ಹೋಗುವಾಗ ಆ ಸತ್ತವರೆಲ್ಲ ಕಡಲಿನಿಂದೆದ್ದು ಬಂದರು ಎಂಬುದು ಕಥೆ.

ಓದುತ್ತ ಹೋದ ಹಾಗೆ ನನಗೆ ಮಜಾ ಅನ್ನಿಸಿದ್ದು ಬೇರೆಯೇ ಒಂದು ಸಂಗತಿ. ಈ ಕತ್ತಿ ಹಿರಿದ ಚಿತ್ರಗಳೆಲ್ಲ ಯುದ್ಧವೇ ಇಲ್ಲದ ಕಾಲದವು! 1638ರ ನಂತರ ಜಪಾನಿನಲ್ಲಿ ಇನ್ನೂರು ವರ್ಷ ದೊಡ್ಡ ಕದನ ನಡೆದಿಲ್ಲ. ಎಷ್ಟೋ ಸಮುರಾಯಿಗಳು ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡೇ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಚಿತ್ರ ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಪೇಟೆಯ ಅಂಗಡಿಯವರು, ಬಡಗಿಗಳು, ಕೂಲಿಗಳು. ಒಂದು ಹಾಳೆಯ ಬೆಲೆ ಹೆಚ್ಚುಕಮ್ಮಿ ಒಂದು ಬಟ್ಟಲು ನೂಡಲ್ಸಿನಷ್ಟು. ಬಂಡವಾಳ ಪ್ರಕಾಶಕನದು. ಕಲಾವಿದ ಗೆರೆ ಬರೆದುಕೊಟ್ಟರೆ ಇನ್ನೊಬ್ಬ ಅದನ್ನು ಚೆರ್ರಿ ಮರದ ಹಲಗೆಯಲ್ಲಿ ಕೊರೆಯಬೇಕು, ಮತ್ತೊಬ್ಬ ಬಣ್ಣ ಹಚ್ಚಿ ಕಾಗದಕ್ಕೆ ಒತ್ತಬೇಕು. ನಮ್ಮ ಕ್ಯಾಲೆಂಡರ್ ವ್ಯಾಪಾರದ ಹಾಗೇ ಅನ್ನಿ.

ಆದರೂ ಸರ್ಕಾರಕ್ಕೆ ಭಯ. ತೀರಾ ಇತ್ತೀಚಿನ ವೀರರ ಹೆಸರು ಹಾಕಿ ಬರೆಯಕೂಡದು ಅಂತ ಕಟ್ಟಪ್ಪಣೆ. 1804ರಲ್ಲಿ ಉತಮಾರೋ ಎಂಬ ಮಹಾ ಕಲಾವಿದ ಹಿದೆಯೋಶಿಯ ಚಿತ್ರ ಬರೆದದ್ದಕ್ಕೆ ಐವತ್ತು ದಿನ ಕೈಗೆ ಕೋಳ ಹಾಕಿಸಿಕೊಂಡ. ಕುನಿಯೋಶಿ ಜಾಣ, ಹೆಸರಿನ ಒಂದೆರಡು ಅಕ್ಷರ ತಿರುಚಿ ಅದೇ ಹಿದೆಯೋಶಿಯ ಕಾಲದ ವೀರರನ್ನು ಮಾರಿದ. ನೋಡುವವರಿಗೆ ಗೊತ್ತಾಗುತ್ತಿತ್ತು, ನೋಡಬಾರದವರಿಗೂ ಗೊತ್ತಾಗುತ್ತಿತ್ತು. ವೀರನ ಚಿತ್ರ ಸತ್ತವನ ವಿಷಯವಲ್ಲ ಸ್ವಾಮಿ, ಬದುಕಿರುವವರ ಜಗಳ. ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದವನಿಗೆ ಇದನ್ನು ಜಪಾನಿನವರು ಬಂದು ಹೇಳಿಕೊಡಬೇಕಿಲ್ಲ.

ಇರಲಿ. ಮೂರನೆಯ ದಿನ ಹುಡುಗನಿಗೆ, "ಹಡಗಿನ ಯುದ್ಧ ನೋಡ್ಬೇಕಾ? ಚಪ್ಪಲಿ ಹಾಕ್ಕೋ" ಅಂದೆ.

ನಮ್ಮ ಮನೆ ಬೊರಿವಲಿ ಪಶ್ಚಿಮದಲ್ಲಿ. ಮುಂದಿನ ಮೆಟ್ರೋ ನಿಲ್ದಾಣವೇ ಎಕ್ಸಾರ್. 2022ರಲ್ಲಿ ಮೆಟ್ರೋ ಬಂದಮೇಲೆ ಆ ಹೆಸರನ್ನು ಲೌಡ್‌ಸ್ಪೀಕರಿನಲ್ಲಿ ದಿನಾ ಕೂಗುತ್ತಾರೆ. ಎಕ್ಸಾರಿನ ಹಳೆಯ ಊರಿನೊಳಗೆ, ಮನೆಗಳ ನಡುವೆ, ಆಳೆತ್ತರ ಮೀರಿದ ವೀರಗಲ್ಲುಗಳಿವೆ. ಥಾಣಾ ಜಿಲ್ಲೆಯ 1882ರ ಗೆಜೆಟಿಯರ್ ಆರು ಕಲ್ಲುಗಳನ್ನು ಲೆಕ್ಕ ಹಾಕಿ ಒಂದೊಂದನ್ನೂ ವರ್ಣಿಸಿದೆ. ನಾನು ಮೊದಲ ಸಲ ಅವುಗಳನ್ನು ನೋಡಿದ್ದು ಬೊರಿವಲಿಗೆ ಬಂದು ಇಪ್ಪತ್ತು ವರ್ಷ ಕಳೆದಮೇಲೆ. ನಾಚಿಕೆಯ ವಿಷಯ, ಒಪ್ಪಿಕೊಳ್ಳುತ್ತೇನೆ. ಸೊರಬದ ಕಡೆಯವನು ನಾನು, ನಮ್ಮೂರ ಕೆರೆ ಏರಿಯ ಮೇಲೆ ವೀರಗಲ್ಲಿಗೆ ಒರಗಿಯೇ ಬೆಳೆದವನು.

ನಮ್ಮ ಕಡೆಯ ವೀರಗಲ್ಲು ಸಾಮಾನ್ಯವಾಗಿ ಮೂರು ಪಟ್ಟಿಯದು. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ವೀರನನ್ನು ಹೊತ್ತೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ದನ ಕಾಯಲು ಸತ್ತವನಿಗೂ ಕಲ್ಲುಂಟು, ಹುಲಿಯೊಡನೆ ಸೆಣಸಿದವನಿಗೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಂತೂ ಹತ್ತನೆಯ ಶತಮಾನದಲ್ಲಿ ಕಾಳಿ ಎಂಬ ನಾಯಿಗೇ ಕಲ್ಲು ನೆಟ್ಟರು, ಹಂದಿಯೊಡನೆ ಕಾದಿ ಸತ್ತದ್ದಕ್ಕೆ.

ಎಕ್ಸಾರಿನ ಕಲ್ಲುಗಳದ್ದೂ ಇದೇ ವ್ಯಾಕರಣ. ಆದರೆ ಹೊಡೆದಾಟ ನೀರಿನ ಮೇಲೆ! ಒಂದು ಕಲ್ಲಿನ ಕೆಳಪಟ್ಟಿಯಲ್ಲಿ ಎತ್ತರದ ಮೂತಿಯ ಐದು ಹಡಗುಗಳು ಸಾಲಾಗಿ ಹೊರಟಿವೆ. ಪಟಸ್ತಂಭ, ಒಂದೊಂದು ಪಕ್ಕಕ್ಕೆ ಒಂಬತ್ತೊಂಬತ್ತು ಹುಟ್ಟು, ಮೇಲೆ ಬಿಲ್ಲುಗಾರರ ದಟ್ಟಣೆ. ಅದರ ಮೇಲಿನ ಪಟ್ಟಿಯಲ್ಲಿ ನಾಲ್ಕು ಹಡಗು ಸೇರಿ ಒಂದನ್ನು ಮುತ್ತಿವೆ, ಅದರಲ್ಲಿದ್ದವರು ನೀರಿಗುರುಳುತ್ತಿದ್ದಾರೆ. ಮಳೆ ಬಿಸಿಲಿಗೆ ಮುಖಗಳೆಲ್ಲ ಸವೆದಿವೆ. ಹುಡುಗ ಮಂಡಿಯೂರಿ ಕೂತು ಬೆರಳಿಟ್ಟು ಹುಟ್ಟುಗಳನ್ನು ಎಣಿಸತೊಡಗಿದ. ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು, "ಆಮಚೇ ದೇವ್ ಆಹೇತ್, ಕಾಕಾ" ಅಂದಳು. ನಮ್ಮ ದೇವರು. ಹುಡುಗ ಬೆರಳು ತೆಗೆದ.

ಯಾರ ಯುದ್ಧ ಇದು? ಬರಹ ಅಳಿಸಿಹೋಗಿದೆ. ಹನ್ನೊಂದನೆಯ ಶತಮಾನದ್ದು ಎಂದವರಿದ್ದಾರೆ. 1265ರ ಸುಮಾರಿಗೆ ದೇವಗಿರಿಯ ಸೇವುಣ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದದ್ದು ಎಂಬುದು ಹೆಚ್ಚು ಬಳಕೆಯಲ್ಲಿರುವ ಊಹೆ. ಮಹಾದೇವನ ಮಂತ್ರಿ ಹೇಮಾದ್ರಿ ಬರೆದಿಟ್ಟಂತೆ, ಸೋಮೇಶ್ವರ ಶತ್ರುವಿನ ಕೋಪಕ್ಕಿಂತ ಕಡಲೊಳಗಿನ ಬಡಬಾಗ್ನಿಯೇ ವಾಸಿ ಎಂದು ಮುಳುಗಿದ. ಗೆದ್ದವರ ಮಂತ್ರಿಯ ಮಾತು, ಸ್ವಲ್ಪ ಉಪ್ಪು ಕಮ್ಮಿ ಮಾಡಿಕೊಂಡೇ ನುಂಗಬೇಕು.

ಇಲ್ಲಿ ನಮ್ಮವರಿಗೊಂದು ಮಾತು. ಶಿಲಾಹಾರರ ಶಾಸನಗಳಲ್ಲಿ ಕನ್ನಡ ಬಿರುದುಗಳಿವೆ. ಮರಾಠಿಯ 'ವೀರಗಳ'ದೊಳಗೆ ನಮ್ಮ ಕಲ್ಲು ಕೂತಿದೆ. ಇದನ್ನು ಸಂಘದ ಸಭೆಯಲ್ಲಿ ಹೇಳಿದರೆ ಸಾಕು, "ಹಾಗಾದ್ರೆ ಮುಂಬಯಿ ನಮ್ದೇ!" ಎಂದು ಒಬ್ಬರಾದರೂ ಚಪ್ಪಾಳೆ ತಟ್ಟುತ್ತಾರೆ. ಸ್ವಲ್ಪ ತಡೆಯಿರಿ. ಎದುರು ಪಾಳಯದ ಸೇವುಣರೂ ಕನ್ನಡದಲ್ಲಿ ಬೇಕಾದಷ್ಟು ಶಾಸನ ಬರೆಸಿದವರು. ಈಗ ಯಾರಿಗೆ ಜೈ ಅನ್ನೋಣ? ಸತ್ತವನು ಗೆದ್ದ ಪಾಳಯದವನೋ ಸೋತವನೋ ಎಂದು ಆ ಕಲ್ಲನ್ನು ನೋಡಿ ಇಂದು ಯಾರೂ ಖಚಿತವಾಗಿ ಹೇಳಲಾರರು. ಎಕ್ಸಾರಿನಲ್ಲಿ ನನಗೆ ಇಷ್ಟವಾದದ್ದೇ ಇದು. ಗಾಡಿಯ ಹಿಂಗಾಜಿಗೆ ಅಂಟಿಸಿಕೊಂಡು ಇನ್ನೊಬ್ಬನನ್ನು ಕೆಣಕಲು ಈ ವೀರ ಒದಗುವುದಿಲ್ಲ. ಜಪಾನಿನವರಿಗೂ ಸೋತ ವೀರರ ಮೇಲೆ ಒಂದು ಮಮತೆ ಉಂಟಂತೆ, ಅದಕ್ಕೆ 'ಹೋಗನ್ ಬೀಕಿ' ಎಂಬ ಪದವೇ ಇದೆ. ಗೆದ್ದೂ ಕೊನೆಗೆ ಅಣ್ಣನಿಂದಲೇ ಬೇಟೆಯಾಡಿಸಿಕೊಂಡು ಸತ್ತ ಅದೇ ಯೋಶಿತ್ಸುನೆಯಿಂದ ಹುಟ್ಟಿದ ಪದ.

ಕುನಿಯೋಶಿಯ ವೀರರು ಉಳಿದದ್ದು ಸಾವಿರಾರು ಹಾಳೆಗಳಲ್ಲಿ ಹಂಚಿಹೋದದ್ದರಿಂದ. ನಮ್ಮ ಕಲ್ಲು ಒಂಟಿ, ಇನ್ನೂ ನೂರು ಮಳೆಗಾಲಕ್ಕೆ ಹಡಗೂ ಇರಲಿಕ್ಕಿಲ್ಲ. ನಾನು ಹೋದ ದಿನ ಅಲ್ಲಿ ಒಂದು ಫಲಕವೂ ಕಣ್ಣಿಗೆ ಬೀಳಲಿಲ್ಲ. ಆದರೆ ಕಲ್ಲಿನಿಂದ ಕಾಗದಕ್ಕೆ ಇಳಿಸುವ ವಿದ್ಯೆ ನಮಗೇನು ಹೊಸದಲ್ಲ. ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಶಾಸನಗಳ ಪಡಿಯಚ್ಚು ತೆಗೆಯುತ್ತಲೇ ಬಂದಿದ್ದೇವೆ. ಈಗಂತೂ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕಲ್ಲು ಮುಟ್ಟದೆಯೇ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಾರೆ. ಮುಂಬಯಿಯಲ್ಲಿ ಇಷ್ಟೊಂದು ಕನ್ನಡ ಸಂಘಗಳಿವೆ, ವಾರ್ಷಿಕೋತ್ಸವಕ್ಕೆ ಹಂಚುವ ಶಾಲುಗಳಲ್ಲಿ ನಾಲ್ಕು ಕಡಿಮೆ ಮಾಡಿ ಎಕ್ಸಾರಿನ ಜನರನ್ನು, ಮರಾಠಿ ಇತಿಹಾಸಕಾರರನ್ನು ಜೊತೆಗೆ ಕರೆದುಕೊಂಡು, ಅನುಮತಿ ಪಡೆದು ಇದನ್ನು ಮಾಡಿಸಬಹುದು. ಫಲಕ ಮೊದಲು ಮರಾಠಿಯಲ್ಲಿರಲಿ. ಅಲ್ಲಿ ದಿನಾ ಹೂವಿಡುವವರು ಅವರು.

ಹುಡುಗ ಊರಿಗೆ ಹೋಗಿ ವಾರವಾಯಿತು. ನಿನ್ನೆ ರಾತ್ರಿ ಫೋನು. "ಮಾವ, ಫೋಟೋ ನೋಡಿ ಡ್ರಾಯಿಂಗ್ ಮಾಡ್ತಿದ್ದೀನಿ, ಕ್ಲಿಯರ್ ಇಲ್ಲ. ಹುಟ್ಟು ಎಷ್ಟಿತ್ತು?"

ಒಂದು ಕಡೆಗೆ ಒಂಬತ್ತು, ಅಂದೆ.