ಬಚ್ಚಲೊಲೆಗೂ ಒಂದು ಲೆಕ್ಕ ಬೇಕು

ಆಷಾಢದ ಬೆಳಗು, ಆರು ಗಂಟೆ. ತೀರ್ಥಹಳ್ಳಿ ಕಡೆಯ ಒಂದು ಮನೆಯ ಬಚ್ಚಲಲ್ಲಿ, ಹಂಡೆಯ ಕೆಳಗೆ ಅಕೇಶಿಯಾ ಕುಂಟೆಯೊಂದು ಉರಿಯಲೊಲ್ಲದೆ ಮಲಗಿದೆ. ಒಂದು ತುದಿಗೆ ಬೆಂಕಿ ತಾಗಿದರೆ ಇನ್ನೊಂದು ತುದಿಯಲ್ಲಿ ನೊರೆನೊರೆಯಾಗಿ ನೀರು ಜಿನುಗುತ್ತದೆ, ಚುಂಯ್ ಎನ್ನುತ್ತದೆ. ಒಲೆಯ ಮುಂದೆ ಕೂತ ಹೆಂಗಸು ಊದುಗೊಳವೆ ಹಿಡಿದು ಊದುತ್ತಾಳೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಒಂದು ಹಿಡಿ ಅಡಿಕೆ ಸೋಗೆ ತುರುಕುತ್ತಾಳೆ. ಸೋಗೆ ಭಗ್ಗನೆ ಹತ್ತಿ ಎರಡೇ ನಿಮಿಷಕ್ಕೆ ಬೂದಿಯಾಗುತ್ತದೆ. ಕುಂಟೆ ಮತ್ತೆ ಹೊಗೆಯಾಡತೊಡಗುತ್ತದೆ. ಶಾಲೆಗೆ ಹೊರಡುವ ಮಕ್ಕಳ ಸ್ನಾನ ಆಗಬೇಕು, ಹಂಡೆಯ ನೀರು ಇನ್ನೂ ಉಗುರುಬೆಚ್ಚಗೂ ಆಗಿಲ್ಲ.

ಅದೇ ಮನೆಯ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇದೆ.

ಸೌದೆ ಹೊಗೆಯ ವಿಚಾರ ಬಂದಾಗಲೆಲ್ಲ ನಮ್ಮ ಮಾತು ಅಡುಗೆಮನೆಯ ಹೊಸಿಲಲ್ಲೇ ನಿಂತುಬಿಡುತ್ತದೆ. 2011ರ ಜನಗಣತಿ ಕೇಳಿದ್ದು ಅಡುಗೆಗೆ ಯಾವ ಇಂಧನ ಬಳಸುತ್ತೀರಿ ಎಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದೂ ಅದನ್ನೇ. ಅದರ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ನೂರರಲ್ಲಿ ಸುಮಾರು 80 ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತವೆ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾದ ಉಜ್ವಲ ಯೋಜನೆಗೂ ರಾಜ್ಯದ ಅನಿಲ ಭಾಗ್ಯಕ್ಕೂ ಇದರಲ್ಲಿ ದೊಡ್ಡ ಪಾಲಿದೆ, ಅದನ್ನು ಒಪ್ಪಬೇಕು. ಆದರೆ ಮಲೆನಾಡು, ಕರಾವಳಿ, ಕೊಡಗಿನ ಮನೆಗಳಲ್ಲಿ ಸೌದೆ ಹೆಚ್ಚು ಸುಡುವ ಜಾಗ ಅನೇಕ ಕಡೆ ಬಚ್ಚಲು. ಆ ಒಲೆಯನ್ನು ಈ ಎರಡೂ ಲೆಕ್ಕಗಳು ಎಣಿಸಿಲ್ಲ.

ಹಂಡೆ ನೀರನ್ನೂ ಗ್ಯಾಸಿನಲ್ಲೇ ಕಾಯಿಸಬಾರದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಬೇಕು. 60 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2,400 ಕಿಲೋಕ್ಯಾಲರಿ ಶಾಖ ಬೇಕು. ಒಂದು ಕಿಲೋ ಗ್ಯಾಸಿನಲ್ಲಿರುವುದು ಸುಮಾರು 11 ಸಾವಿರ ಕಿಲೋಕ್ಯಾಲರಿ. ಅದರಲ್ಲಿ ನೂರಕ್ಕೆ 60 ಪಾಲು ನೀರಿಗೆ ತಲುಪಿತು ಎಂದಿಟ್ಟುಕೊಂಡರೂ ದಿನಕ್ಕೆ 360 ಗ್ರಾಂ ಗ್ಯಾಸ್ ಖರ್ಚು. 14.2 ಕಿಲೋದ ಸಿಲಿಂಡರು ಬರೀ ಸ್ನಾನಕ್ಕೇ 40 ದಿನದೊಳಗೆ ಮುಗಿಯುತ್ತದೆ, ಅಂದರೆ ವರ್ಷಕ್ಕೆ ಒಂಬತ್ತು ಸಿಲಿಂಡರು. ಉಜ್ವಲ ಫಲಾನುಭವಿಗಳು ಅಡುಗೆಗೂ ಸೇರಿಸಿ ತುಂಬಿಸಿಕೊಂಡದ್ದು ದೇಶದ ಸರಾಸರಿಯಲ್ಲಿ 2019-20ರಲ್ಲಿ ಸುಮಾರು ಮೂರು, 2023-24ರಲ್ಲಿ ಸುಮಾರು ನಾಲ್ಕು. ಹೀಗಿರುವಾಗ ಬಚ್ಚಲೊಲೆ ಆರಲಿ ಎಂದರೆ ಅದು ಆರುವುದಿಲ್ಲ. ಸೋಲಾರ್ ಹೀಟರ್ ಒಳ್ಳೆಯದೇ. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಬಿಸಿನೀರು ತೀರ ಅಗತ್ಯವಿರುವ ತಿಂಗಳುಗಳಲ್ಲೇ ಬಿಸಿಲು ಮುಖ ತೋರಿಸುವುದಿಲ್ಲ.

ಮೇಲಾಗಿ ಆ ಒಲೆ ಬರೀ ನೀರು ಕಾಯಿಸುವ ಒಲೆಯಲ್ಲ. ಜಡಿಮಳೆಯ ದಿನಗಳಲ್ಲಿ ಮನೆಯೊಳಗೆ ಬೆಚ್ಚಗಿರುವ ಜಾಗ ಅದೊಂದೇ. ಅಜ್ಜಿ ಅಲ್ಲೇ ಕೂತು ಕೈಕಾಲು ಕಾಯಿಸಿಕೊಳ್ಳುತ್ತಾಳೆ. ಗದ್ದೆಯಿಂದ ತೊಯ್ದು ಬಂದವರ ಕಂಬಳಿ, ಮಗುವಿನ ಬಟ್ಟೆ ಒಣಗುವುದೂ ಅಲ್ಲೇ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ತಿಕ್ಕಿ ತೊಳೆದು, ಹಿಂಡ್ಲೆಕಾಯಿ ಬಳ್ಳಿ ಕಟ್ಟಿ ಪೂಜಿಸುವುದೂ ಅದೇ ಹಂಡೆಯನ್ನು. ಇಷ್ಟೆಲ್ಲ ಬೆಸೆದುಕೊಂಡಿರುವ ಒಲೆ ಇನ್ನೂ ಹತ್ತಿಪ್ಪತ್ತು ವರ್ಷ ಉರಿಯಲಿದೆ. ಹಾಗಾಗಿ ಅದು ಹೇಗೆ ಉರಿಯಬೇಕು ಎಂಬುದರ ಮೇಲೆ ಹಣವೂ ಗಮನವೂ ಬೀಳಬೇಕು.

ಮೊದಲನೆಯದು ಒಣ ಸೌದೆ. ಆಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಹತ್ತು ಕಿಲೋ ಹೊರೆ ತಲೆಯ ಮೇಲೆ ಹೊತ್ತು ತಂದವಳು ಐದು ಕಿಲೋ ನೀರನ್ನೇ ಹೊತ್ತಿರುತ್ತಾಳೆ. ಆ ನೀರು ಆವಿಯಾಗಿ ಹೋಗಲು ಸೌದೆಯ ಶಾಖದಲ್ಲಿ ಏಳರಲ್ಲೊಂದು ಪಾಲು ವ್ಯರ್ಥವಾಗುತ್ತದೆ. ನಷ್ಟ ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಸೌದೆ ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಜ್ವಾಲೆಯಾಗಿ ಕಾಣುವುದು ಆ ಅನಿಲ ಹತ್ತಿ ಉರಿಯುವುದೇ. ಅದಕ್ಕೆ ಒಲೆಯ ಒಡಲು ನಿಗಿನಿಗಿ ಕಾದಿರಬೇಕು. ಹಸಿ ಕುಂಟೆಯ ನೀರು ಒಲೆಯನ್ನು ತಣ್ಣಗಿಡುತ್ತದೆ, ಅನಿಲ ಹತ್ತದೆ ಹಾಗೇ ತೇಲಿಹೋಗುತ್ತದೆ. ಕಣ್ಣಿಗೆ ಚುಚ್ಚುವ ಹೊಗೆ ಎಂದರೆ ಉರಿಯದೆ ಹೋದ ಸೌದೆಯೇ. ಸೂರಿನ ತೊಲೆಗೆ ಅದು ಹುಳು ಹಿಡಿಯದಂತೆ ಕಾದಿರಬಹುದು, ಮನುಷ್ಯರ ಶ್ವಾಸಕೋಶಕ್ಕೆ ಅದರಿಂದ ಕೇಡೇ ಹೊರತು ಬೇರೇನಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಹಳಬರಿಗೆ ಈ ವಿಜ್ಞಾನದ ಮಾತು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಅಡಿಕೆ ಸುಗ್ಗಿ ಮುಗಿಯುತ್ತಿದ್ದಂತೆ ಕೊಡಲಿ ಮಸೆಯುತ್ತಿದ್ದರು. ಒಣಗಿ ನಿಂತ ಮರ, ಸವರಿದ ಕೊಂಬೆ, ಗಾಳಿಗೆ ಬಿದ್ದ ಹಲಸು ಯಾವುದೇ ಇರಲಿ, ಶಿವರಾತ್ರಿಯ ಹೊತ್ತಿಗೆ ಕಡಿದು ಸೀಳಿ ಬಿಸಿಲಿಗೆ ಹಾಕಬೇಕು. ಸೀಳುವುದೇ ಮುಖ್ಯ. ಮರದೊಳಗಿನ ನೀರಿನ ನಾಳಗಳು ಉದ್ದಕ್ಕೆ ಇರುತ್ತವೆ, ತೊಗಟೆ ಸುತ್ತ ಮುಚ್ಚಿರುತ್ತದೆ. ಆದ್ದರಿಂದ ಇಡೀ ಕುಂಟೆ ಹೆಚ್ಚಾಗಿ ಎರಡು ತುದಿಯಿಂದಲೇ ನಿಧಾನಕ್ಕೆ ಒಣಗುತ್ತದೆ. ತೊಡೆಗಾತ್ರದ ಕುಂಟೆಗೆ ಒಂದು ಬೇಸಿಗೆ ಸಾಲದು, ಅದನ್ನೇ ನಾಲ್ಕು ಸೀಳು ಮಾಡಿದರೆ ಮೃಗಶಿರಾ ಮಳೆಯೊಳಗೆ ಒಣಗಿ ಸಿದ್ಧ. ನೆಲಕ್ಕೆ ತಾಗದಂತೆ ಕೆಳಗೆ ಕಲ್ಲೋ ಅಡ್ಡ ಮರವೋ ಇಟ್ಟು, ನಡುವೆ ಗಾಳಿಯಾಡುವಂತೆ ಒಟ್ಟಬೇಕು. ಮೇಲೆ ಮಾಡು ಬೇಕು, ಪಕ್ಕ ತೆರೆದಿರಬೇಕು. ನೀಲಿ ಪ್ಲಾಸ್ಟಿಕ್ ತಾಡಪಾಲನ್ನು ಒಟ್ಟಿಲಿನ ಬುಡದವರೆಗೆ ಬಿಗಿದು ಕಟ್ಟುವ ಈಚಿನ ರೂಢಿ ತಪ್ಪು. ಒಳಗಿನ ಪಸೆ ಒಳಗೇ ಉಳಿದು ಸೌದೆಗೆ ಬೂಷ್ಟು ಹಿಡಿಯುತ್ತದೆ.

ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ತುದಿಯಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟಿರುತ್ತದೆ, ತೊಗಟೆ ಉಗುರಿಗೇ ಏಳುತ್ತದೆ, ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ. ಹಸಿಯದು ದಬ್ ಎನ್ನುತ್ತದೆ.

ಈ ಶಿಸ್ತು ತಪ್ಪಿದ್ದು ಯಾಕೆ? ಸೌದೆ ಸೀಳುವ ಆಳು ಸಿಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಉಳಿದವರಿಗೆ ಅರವತ್ತು ದಾಟಿದೆ. ಕೊಟ್ಟಿಗೆಯ ಪಕ್ಕದ ಸೌದೆ ಮನೆ ಬಿದ್ದುಹೋದರೆ ಮತ್ತೆ ಕಟ್ಟಿಸುವವರು ಕಡಿಮೆ. ಶಿವರಾತ್ರಿಯ ಹೊತ್ತಿಗೆ ಆಗಬೇಕಾದ ಕೆಲಸ ಮೇ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಮುಂಗಾರು ಬಾಗಿಲಲ್ಲಿರುತ್ತದೆ. ಇದನ್ನು ಹಳ್ಳಿಯವರ ಸೋಮಾರಿತನ ಎನ್ನುವುದು ಅನ್ಯಾಯ.

ಎರಡನೆಯದು ಒಲೆ. ಇದಕ್ಕೆ ಉತ್ತರ ಈ ರಾಜ್ಯದಲ್ಲೇ ಹುಟ್ಟಿತ್ತು. ವಿಜ್ಞಾನಿ ಅಮೂಲ್ಯ ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ಘಟಕ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಗ್ರಾಮ ಕೇಂದ್ರವಿತ್ತು. ಅಲ್ಲಿನ ಹಳ್ಳಿಗಳಲ್ಲಿ ಯಾವ ಮನೆ ಎಷ್ಟು ಸೌದೆ ಸುಡುತ್ತದೆ ಎಂದು ವಿಜ್ಞಾನಿಗಳು ಅಳೆದು ಬರೆದರು. ಅಸ್ತ್ರ ಒಲೆ ಹುಟ್ಟಿದ್ದು ಇಂಥ ಕೆಲಸದಿಂದ. ಕೆಳಗಿನಿಂದ ಗಾಳಿ ಬರಲು ಜಾಲರಿ, ಬೆಂಕಿಯನ್ನು ಪಾತ್ರೆಗೆ ಒತ್ತಿ ಹಿಡಿಯುವ ಮುಚ್ಚಿದ ಒಡಲು, ಹೊಗೆಯನ್ನು ಸೂರಿನಾಚೆ ಕಳಿಸುವ ಕೊಳವೆ ಅದರ ಮುಖ್ಯ ಅಂಗಗಳು. ಹಂಡೆಯ ಒಲೆಗೂ ಬೇಕಾದದ್ದು ಇವೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಬಳಿ ಮರ ಅಪ್ಪಿಕೊಂಡು ನಿಂತ ಅಪ್ಪಿಕೋ ಚಳವಳಿಯ ಕಾರ್ಯಕರ್ತರು ಕಾಡು ಉಳಿಸಿ ಎಂದು ಕೂಗಿ ಸುಮ್ಮನಾಗಲಿಲ್ಲ, ಮನೆಮನೆಗೆ ಹೋಗಿ ಸೌದೆ ಉಳಿಸುವ ಒಲೆಗಳನ್ನೂ ಕಟ್ಟಿಸಿದರು. ಉಳಿಸು, ಬೆಳೆಸು, ಬಳಸು ಎಂಬ ಅವರ ಘೋಷಣೆಯಲ್ಲಿ ಬಳಸು ಎಂಬ ಮಾತೂ ಇತ್ತು ಎಂಬುದನ್ನು ಮರೆಯಬಾರದು.

ಅದೇ 1983ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸುಧಾರಿತ ಒಲೆಗಳ ಕಾರ್ಯಕ್ರಮ ತಂದಿತು, 2002ರಲ್ಲಿ ಅದು ನಿಂತಿತು. ಕಟ್ಟಿದ ಒಲೆ ಬಿರುಕು ಬಿಟ್ಟಾಗ, ಕೊಳವೆಗೆ ಮಸಿ ಕಟ್ಟಿದಾಗ ರಿಪೇರಿಗೆ ಊರಿನಲ್ಲಿ ಕೈಪಳಗಿದವರು ಇಲ್ಲದೆ ಎಷ್ಟೋ ಒಲೆಗಳು ಮೂಲೆ ಸೇರಿದವು. ಗುರಿ ಮುಟ್ಟಿದ ಸಂಖ್ಯೆ ಕಡತದಲ್ಲಿ ಉಳಿಯಿತು.

ಸೌದೆಗೆ ನೆರವು ಕೊಟ್ಟರೆ ಕಾಡು ಹೋಗುತ್ತದೆ ಎಂಬ ಆತಂಕ ಸಹಜ. ಆದರೆ ಜನ ಸೌದೆಯನ್ನು ಬಿಟ್ಟಿಲ್ಲ, ಬಿಡುವ ಸ್ಥಿತಿಯಲ್ಲೂ ಇಲ್ಲ. ಕೆಟ್ಟ ಒಲೆಗೆ ಹಸಿ ಮರ ತುರುಕಿದಷ್ಟೂ ಹೆಚ್ಚು ಮರ ಬೇಕಾಗುತ್ತದೆ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ಕೊಡಗಿನ ಬಾಣೆಗಳಲ್ಲಿ ಸವರಿದ ಕೊಂಬೆ, ಕಾಫಿ ತೋಟದ ಸಿಲ್ವರ್ ಓಕಿನ ರೆಂಬೆ, ತೆಂಗಿನ ಗರಟ ಚೆನ್ನಾಗಿ ಒಣಗಿದರೆ ಎಷ್ಟೋ ಮನೆಯ ಬಚ್ಚಲಿಗೆ ಸಾಕು.

ಉದ್ಯೋಗ ಖಾತ್ರಿಯಲ್ಲಿ ದನದ ಕೊಟ್ಟಿಗೆಗೆ ನೆರವು ಸಿಕ್ಕಿದೆ. ನಾಲ್ಕು ಕಂಬ, ಆರು ಶೀಟಿನ ಸೌದೆ ಮನೆಗೆ ಯಾಕೆ ಸಿಗಬಾರದು? ಪಂಚಾಯಿತಿಗೊಂದು ಸೌದೆ ಸೀಳುವ ಯಂತ್ರ ಬಾಡಿಗೆಗೆ ಇದ್ದರೆ ಮುದುಕರ ಮನೆಗೆ ದೊಡ್ಡ ಆಸರೆ. ಒಲೆ ಕಟ್ಟಲು, ಕೆಟ್ಟಾಗ ಸರಿಪಡಿಸಲು ಸ್ತ್ರೀಶಕ್ತಿ ಸಂಘದ ಇಬ್ಬರಿಗೆ ತರಬೇತಿ ಕೊಟ್ಟು ಕೂಲಿ ಗೊತ್ತು ಮಾಡಬೇಕು. ಮುಂದಿನ ಗಣತಿಯಲ್ಲಿ ಸ್ನಾನದ ನೀರು ಯಾವುದರಿಂದ ಕಾಯುತ್ತದೆ ಎಂಬ ಒಂದು ಪ್ರಶ್ನೆ ಸೇರಿಸಬೇಕು. ಮಲೆನಾಡಿನ ಶಾಸಕರು, ಪಂಚಾಯಿತಿ ಸದಸ್ಯರು ಇದನ್ನು ಮಳೆಗಾಲದಲ್ಲಿ ಚರ್ಚೆಗೆ ಎತ್ತಿಕೊಂಡರೆ ಫಲವಿಲ್ಲ. ಸೌದೆ ಒಣಗುವುದು ಫೆಬ್ರುವರಿಯಿಂದ ಮೇ ತನಕ ಮಾತ್ರ.